ಸರಸ್ವತಮ್ಮನವರ ಶನಿವಾರದ ಗರುಡ

"ಯುಗಾದಿ ಒಳಗೆ ಈ ಬಸವನಗುಡೀಲೇ ನೂರು ಜಾತಿ ಹಕ್ಕಿ ಗುರುತು ಹಿಡೀದೆ ಹೋದ್ರೆ ನನ್ನ ಹೆಸರು ಬದರೀನಾರಾಯಣ ಅಲ್ಲ" ಎಂದು, ನಿವೃತ್ತರಾದ ಮೂರನೆಯ ದಿನ ಬೆಳಿಗ್ಗೆ, ಕಾಫಿಯ ಲೋಟವನ್ನು ಶಂಖದಂತೆ ಎತ್ತಿ ಹಿಡಿದು ಬದರೀನಾರಾಯಣರು ಘೋಷಿಸಿದರು.

"ಹೆಸರು ಬದಲಾಯಿಸ್ಬೇಕೂಂದ್ರೆ ಆಧಾರು, ಪ್ಯಾನು, ಬ್ಯಾಂಕು ಅಂತ ತುಂಬಾ ಓಡಾಟ ಇದೆ. ಇನ್ನೊಂದ್ಸಲ ಯೋಚನೆ ಮಾಡಿ" ಎಂದರು ಹೆಂಡತಿ ಶ್ರೀವಿದ್ಯಾ, ಒಗ್ಗರಣೆ ಸೌಟಿನಿಂದ ತಲೆಯೆತ್ತದೆ.

"ನಗ್ಬೇಡ. ಪಿಯುಸಿ ಗಣಿತದಲ್ಲಿ ಫಸ್ಟ್ ಕ್ಲಾಸ್ ಬಂದೋನು ನಾನು. ನೂರರ ತನಕ ಎಣಿಸೋದು ದೊಡ್ಡ ವಿಷಯಾನಾ?"

ಈ ಫಸ್ಟ್ ಕ್ಲಾಸಿನ ಮಾತು, ಮದುವೆಯಾದ ಮೂವತ್ತೊಂದು ವರ್ಷಗಳಿಂದಲೂ ಆ ಮನೆಯಲ್ಲಿ ಉಪ್ಪು ಹುಳಿಯ ಹಾಗೆ ದಿನಬಳಕೆಯಲ್ಲಿತ್ತು. ಅಡುಗೆಮನೆಯ ಬಾಗಿಲ ಬಳಿ ಹೂಬತ್ತಿ ಹೊಸೆಯುತ್ತಾ ಕೂರುವ ಬದರೀನಾರಾಯಣರ ತಾಯಿ ಸರಸ್ವತಮ್ಮ ಮಾತ್ರ, ಅದು ಕಿವಿಗೆ ಬಿದ್ದಾಗಲೆಲ್ಲ ಬತ್ತಿಯನ್ನು ಒಂದು ಸುತ್ತು ಹೆಚ್ಚಾಗಿಯೇ ಹೊಸೆಯುತ್ತಿದ್ದರು. ಬಾಯಿ ಬಿಟ್ಟು ಏನನ್ನೂ ಹೇಳಿದವರಲ್ಲ.

ಬದರೀನಾರಾಯಣರು ಚಾಮರಾಜಪೇಟೆಯ ಮುದ್ರಣಾಲಯವೊಂದರಲ್ಲಿ ಮೂವತ್ನಾಲ್ಕು ವರ್ಷ ಕರಡು ತಿದ್ದಿದವರು. ಮದುವೆ ಕಾಗದ ಕೈಗೆ ಬಂದರೆ ಮುಹೂರ್ತ ನೋಡುವ ಮೊದಲು ಒತ್ತಕ್ಷರ ನೋಡುವವರು. ಯಾರದೋ ಮನೆಯ ಗೃಹಪ್ರವೇಶಕ್ಕೆ ಹೋಗಿ, ಬಾಗಿಲಿಗೆ ಬರೆಸಿದ್ದ 'ಸುಸ್ವಾಗತ'ದಲ್ಲಿ ತಪ್ಪು ಹುಡುಕಿ, ಪಾಯಸ ಬಡಿಸುವವರು ಎರಡನೇ ಸಲ ಅವರ ಎಲೆಯ ಕಡೆ ಬಾರದ ಹಾಗೆ ಮಾಡಿಕೊಂಡವರು. ಅಂಥವರಿಗೆ ತಿದ್ದಲು ಕಾಗದವೇ ಇಲ್ಲದ ಮೇಲೆ ಆಕಾಶವಾದರೂ ಬೇಕಲ್ಲ. ಮಾಮೂಲ್‌ಪೇಟೆಯ ಸಂದಿಯೊಂದರಿಂದ ದುರ್ಬೀನು ತಂದರು. ಒಂದು ನೋಟ್‌ಬುಕ್ಕಿಗೆ ರಟ್ಟು ಹಾಕಿದರು. ಕೆಂಪು ಪೆನ್ನು ಮೊದಲೇ ಇತ್ತು.

ಊಟಕ್ಕೆ ಕೂತಾಗಲೂ ದುರ್ಬೀನು ಕೊರಳಲ್ಲೇ ತೂಗಾಡತೊಡಗಿದಾಗ ಶ್ರೀವಿದ್ಯಾ "ಅಲ್ಪನಿಗೆ ಐಶ್ವರ್ಯ ಬಂದ್ರೆ..." ಎಂದು ಶುರುಮಾಡಿ, ಮಿಕ್ಕದ್ದನ್ನು ಸಾರಿನ ಜೊತೆ ಬಡಿಸಿದರು.

ಹತ್ತು ದಿನಕ್ಕೆ ಪಟ್ಟಿ ಹನ್ನೊಂದಕ್ಕೆ ಬಂತು. ಹನ್ನೆರಡನೆಯದು ಎದುರು ಮನೆಯ ತಂತಿಯ ಮೇಲೆ ಕೂತಿದ್ದ ಮಿಂಚುಳ್ಳಿ. ಅಚ್ಚ ನೀಲಿ, ಅಲ್ಲಾಡದೆ ಧ್ಯಾನಕ್ಕೆ ಕೂತಿತ್ತು. ಬದರೀನಾರಾಯಣರು ತಾರಸಿಯ ಮೇಲೆ ಮಂಡಿಯೂರಿ ಇಪ್ಪತ್ತು ನಿಮಿಷ ತೆವಳಿ, ಉಸಿರು ಬಿಗಿಹಿಡಿದು, ನೋಟ್‌ಬುಕ್ಕಿನಲ್ಲಿ ಬರೆದೂ ಆಯಿತು. ಆಗ ಎದುರು ಮನೆಯ ಶಕುಂತಲಮ್ಮ ಬಂದು ಮಿಂಚುಳ್ಳಿಯನ್ನು ಕ್ಲಿಪ್ಪಿನಿಂದ ಬಿಡಿಸಿ ಒಳಗೆ ತೆಗೆದುಕೊಂಡು ಹೋದರು. ಮೊಮ್ಮಗಳು ಆರಾಧನಾಳ ಸ್ಕೂಲಿನ ಸಾಕ್ಸು ಒಣಗಿತ್ತು.

ಆ ಅವಮಾನವನ್ನು ಬದರೀನಾರಾಯಣರು ಮರೆಯಲಿಲ್ಲ. ಮಾರನೆಯ ದಿನವೇ ಗೇಟಿನ ಬಳಿ ಶಕುಂತಲಮ್ಮ ಸಿಕ್ಕಿ, "ನಮ್ಮ ಆರಾಧನಾ ಹಾಡೋದಕ್ಕೆ ಕೂತ್ರೆ ಸಾಕು, ಮಾವಿನ ಮರದಲ್ಲಿ ಹೆಣ್ಣು ಕೋಗಿಲೆ ಜೊತೆಗೇ ಹಾಡುತ್ತೆ ನೋಡಿ" ಎಂದು ಹಿಗ್ಗಿದರು. ಇವರು ಕೆಂಪು ಪೆನ್ನಿನ ದನಿಯಲ್ಲಿ, "ತಪ್ಪು. ಹಾಡೋದು ಗಂಡು. ಹೆಣ್ಣಿಗೆ ಹಾಡೋಕೇ ಬರಲ್ಲ, ಬರೀ ಕಿರುಚುತ್ತೆ" ಎಂದುಬಿಟ್ಟರು. ಹಕ್ಕಿಶಾಸ್ತ್ರದ ಪ್ರಕಾರ ಮಾತು ಸರಿಯೇ ಇತ್ತು. ಆದರೆ ಆ ಮನೆಯಿಂದ ಪ್ರತಿ ತಿಂಗಳೂ ಬರುತ್ತಿದ್ದ ಗೊಜ್ಜವಲಕ್ಕಿ ಅಂದಿನಿಂದ ನಿಂತುಹೋಯಿತು.

ಇಷ್ಟಕ್ಕೇ ನಿಂತಿದ್ದರೆ ಒಂದು ಗೊಜ್ಜವಲಕ್ಕಿಯ ನಷ್ಟದಲ್ಲಿ ಮುಗಿದುಹೋಗುತ್ತಿತ್ತು. ಆದರೆ ಅಷ್ಟರಲ್ಲಿ ಶನಿವಾರ ಬಂತು.

ಸರಸ್ವತಮ್ಮನವರಿಗೆ ಎಂಬತ್ತೆರಡು ವರ್ಷ. ಶನಿವಾರ ಗರುಡನ ದರ್ಶನವಾಗದೆ ಅವರು ಊಟ ಮಾಡುವವರಲ್ಲ. ಮಗ ಪಿಯುಸಿ ಓದುತ್ತಿದ್ದಾಗ ಹೊತ್ತ ಹರಕೆ ಅದು. ನಲವತ್ತೆರಡು ವರ್ಷಗಳಿಂದ ಒಂದು ವಾರವೂ ತಪ್ಪಿಲ್ಲ. ಹೆಚ್ಚು ಕಷ್ಟವೂ ಇರಲಿಲ್ಲ. ಹನ್ನೊಂದು ಗಂಟೆಯ ಹೊತ್ತಿಗೆ ತಾರಸಿಗೆ ಹೋಗಿ, ಹಣೆಗೆ ಕೈ ಅಡ್ಡ ಹಿಡಿದು ಗಾಂಧಿ ಬಜಾರಿನ ಕಡೆ ನೋಡಿದರೆ ಸಾಕು, ರೆಕ್ಕೆ ಚಾಚಿಕೊಂಡು ಏನೋ ಒಂದು ಸುತ್ತು ಹಾಕುತ್ತಿರುತ್ತಿತ್ತು. ಕೆನ್ನೆ ಬಡಿದುಕೊಂಡು, ಶ್ಲೋಕ ಹೇಳಿ, ಕೆಳಗಿಳಿದು ಬಂದರೆ ಅನ್ನ ತಿಳಿಸಾರು ಕಾದಿರುತ್ತಿತ್ತು. ಊಟದ ಹಿಂದೆಯೇ ಬಿಪಿ ಮಾತ್ರೆ.

ಆ ಶನಿವಾರವೂ ಅವರು ಕೈಮುಗಿದರು. ಪಕ್ಕದಲ್ಲೇ ಇದ್ದ ಮಗ ದುರ್ಬೀನು ಏರಿಸಿ ಅದೇ ಹಕ್ಕಿಯನ್ನು ನೋಡಿದರು. ಮೈಯೆಲ್ಲ ಕಂದು. ಬಾಲದ ತುದಿ ನಡುವೆ ಕತ್ತರಿ ಆಡಿಸಿದ ಹಾಗೆ ಸೀಳಿತ್ತು. ಮೂವತ್ನಾಲ್ಕು ವರ್ಷದ ಅಭ್ಯಾಸ ನಾಲಿಗೆಯ ತುದಿಗೆ ಬಂದು ನಿಂತಿತು. ಅದನ್ನು ನುಂಗಿಕೊಳ್ಳುವ ವಿವೇಕ ಅವರಿಗೆ ಬರಲಿಲ್ಲ.

"ಅಮ್ಮ, ಅದು ಗರುಡ ಅಲ್ಲ. ಹದ್ದು. ಬರೀ ಹದ್ದು."

ಸರಸ್ವತಮ್ಮನವರ ಕೈ ಕೆನ್ನೆಯ ಹತ್ತಿರವೇ ನಿಂತಿತು.

"ಹಾಗಂತೀಯ?"

"ಬಾಲ ನೋಡು, ಸೀಳಿದೆ. ಗರುಡಂಗೆ ಎದೆ ಬಿಳಿ, ಬಾಲ ಗುಂಡಗೆ. ಲೆಕ್ಕ ಹಾಕಿದ್ರೆ ನೀನು ಎರಡು ಸಾವಿರ ಶನಿವಾರ ಹದ್ದಿಗೆ ಕೈಮುಗಿದಿದೀಯ" ಎಂದು ಬದರೀನಾರಾಯಣರು ಗೆಲುವಿನಿಂದ ನಕ್ಕರು. ತಾಯಿ ನಗಲಿಲ್ಲ. ಅಲ್ಲೇ ಇದ್ದ ಪ್ಲಾಸ್ಟಿಕ್ ಕುರ್ಚಿಯನ್ನು ಎಳೆದುಕೊಂಡು ಕೂತರು.

"ಸರಿ ಬಿಡು. ಹಾಗಾದ್ರೆ ಗರುಡ ಬರ್ಲಿ. ಕಾಯ್ತೀನಿ."

ಹನ್ನೆರಡಾಯಿತು. ಬಂದವು ಎರಡು ಹದ್ದು, ಒಂದು ಹಿಂಡು ಪಾರಿವಾಳ. ಹನ್ನೆರಡೂವರೆಗೆ ಶ್ರೀವಿದ್ಯಾ ಮೇಲೆ ಬಂದು, ವಿಷಯ ಕೇಳಿ, ಗಂಡನನ್ನು ನೀರಿನ ಟ್ಯಾಂಕಿನ ಹಿಂದೆ ಕರೆದುಕೊಂಡು ಹೋದರು.

"ಮಾಡಿದ್ದುಣ್ಣೋ ಮಹರಾಯ ಅಂತಾರೆ. ನಮ್ಮನೇಲಿ ನೀವು ಮಾಡಿದ್ದಕ್ಕೆ ಅತ್ತೆ ಉಣ್ಣದೆ ಕೂತಿದಾರೆ. ಬೆಳಿಗ್ಗೆ ಅರ್ಧ ಲೋಟ ಕಾಫಿ ಕುಡಿದಿರೋದು ಅಷ್ಟೇ. ಮಾತ್ರೆ ತಗೋಬೇಕು."

"ನಾನೇನು ಸುಳ್ಳು ಹೇಳಿದ್ನಾ?"

"ನಿಜ ಹೇಳೋದಕ್ಕೆ ಭಾನುವಾರ ಇರ್ಲಿಲ್ವಾ?"

ಬದರೀನಾರಾಯಣರು ದುರ್ಬೀನಿನ ಪಟ್ಟಿ ಸರಿಮಾಡಿಕೊಂಡರು. ಕುರ್ಚಿಯ ಕಡೆ ತಿರುಗಿ ನೋಡಿದರು. ಅಮ್ಮ ಬಿಸಿಲಲ್ಲಿ ಸೆರಗು ಹೊದ್ದು, ಆಕಾಶಕ್ಕೆ ಮುಖ ಮಾಡಿ ಕೂತಿದ್ದರು. ಸಿಟ್ಟಾಗಲೀ ಹಟವಾಗಲೀ ಆ ಮುಖದಲ್ಲಿ ಇರಲಿಲ್ಲ. ತಡವಾಗಿ ಬರುವ ಬಸ್ಸಿಗೆ ಕಾಯುವವರ ಹಾಗೆ ಇದ್ದರು. ಅದೇ ಮಗನಿಗೆ ಹೆಚ್ಚು ಚುಚ್ಚಿತು. ಎಷ್ಟೋ ವರ್ಷಗಳಿಂದ ತನಗಾಗಿ ಹಸಿದಿದ್ದವಳನ್ನು ಇವತ್ತು ತಾನೇ ಹಸಿವಿಗೆ ಕೂರಿಸಿದೆನಲ್ಲ ಎನಿಸಿತು.

"ನಡಿ ಅಮ್ಮ. ಗರುಡನ್ನ ತೋರಿಸ್ತೀನಿ" ಎಂದರು. ಎಲ್ಲಿ ಎಂಬುದು ಅವರಿಗೂ ಗೊತ್ತಿರಲಿಲ್ಲ.

ಸ್ಟ್ಯಾಂಡಿನಿಂದ ಕೆಂಚಪ್ಪನ ಆಟೋ ಬಂತು. ಇಪ್ಪತ್ತು ವರ್ಷದಿಂದ ಈ ಮನೆಯವರನ್ನು ಮದುವೆಗೆ, ಆಸ್ಪತ್ರೆಗೆ ಕರೆದುಕೊಂಡು ಹೋಗುವವನು ಅವನೇ. ಶ್ರೀವಿದ್ಯಾ ಮೊಸರನ್ನದ ಡಬ್ಬಿ, ನೀರು, ಮಾತ್ರೆ ಹಿಡಿದು ಅತ್ತೆಯ ಪಕ್ಕ ಹತ್ತಿ ಕೂತರು.

"ಎಲ್ಲಿಗೆ ಸಾರ್?"

"ಗರುಡ ಎಲ್ಲಿರುತ್ತೋ ಅಲ್ಲಿಗೆ."

ಕೆಂಚಪ್ಪ ಆಶ್ಚರ್ಯಪಡಲಿಲ್ಲ. ಬೆಂಗಳೂರಿನಲ್ಲಿ ಆಟೋ ಓಡಿಸುವವನಿಗೆ ಇದಕ್ಕಿಂತ ವಿಚಿತ್ರ ವಿಳಾಸಗಳು ಸಿಕ್ಕಿರುತ್ತವೆ. "ಗ್ಯಾರಂಟಿ ಜಾಗ ಒಂದಿದೆ ಸಾರ್. ಮಾರ್ಕೆಟ್ ಹಿಂದ್ಗಡೆ ಮಟನ್ ಅಂಗಡಿ ಸಾಲಿದೆಯಲ್ಲ, ಅಲ್ಲಿ ಊಟಕ್ಕೆ ಇಳೀತವೆ."

ಬದರೀನಾರಾಯಣರಿಗೆ ಜೋರಾಗಿ ಕೆಮ್ಮು ಬಂತು.

"ಏನಂತೋ?" ಎಂದರು ಸರಸ್ವತಮ್ಮ.

"ಮಾರ್ಕೆಟ್ ಕಡೆ ತುಂಬಾ ಟ್ರಾಫಿಕ್ ಅಂತೆ ಅಮ್ಮ. ಕೆಂಚಪ್ಪ, ಲಾಲ್‌ಬಾಗ್ ಕೆರೆಗೆ ನಡಿಯಪ್ಪ."

ಲಾಲ್‌ಬಾಗಿನ ಗೇಟಿನಿಂದ ಬ್ಯಾಟರಿ ಗಾಡಿಯಲ್ಲಿ ಕೆರೆ ಏರಿಗೆ ಬಂದಿಳಿದಾಗ ಒಂದೂವರೆ. ಶನಿವಾರ ಗರುಡನನ್ನು ನೋಡಿದರೆ ತನಗೂ ಒಳ್ಳೆಯದೇ ಎಂದು ಆಟೋ ನಿಲ್ಲಿಸಿ ಕೆಂಚಪ್ಪನೂ ಬಂದ. ನಾಲ್ವರೂ ನೆರಳಿನ ಬೆಂಚಿನ ಬಳಿ ಆಕಾಶ ನೋಡುತ್ತಾ ನಿಂತರು. ಅವರನ್ನು ಕಂಡು, ಏನಿದೆಯೋ ಎಂದು ದಾರಿಹೋಕರೂ ನಿಂತು ಆಕಾಶ ನೋಡಿ, ಏನೂ ಕಾಣದೆ ಮುಂದೆ ಹೋದರು.

ನೀರಿನ ಮೇಲೆ ನೀರುಕಾಗೆ ಇತ್ತು. ದಡದಲ್ಲಿ ಬಕ ಇತ್ತು. ಗರುಡ ಮಾತ್ರ ಇರಲಿಲ್ಲ. ಒಂದು ಮುಕ್ಕಾಲಾಯಿತು. ಅಮ್ಮ ಮೆಲ್ಲಗೆ ಬೆಂಚು ಹಿಡಿದು ಕೂತದ್ದು ಬದರೀನಾರಾಯಣರ ಕಣ್ಣಿಗೆ ಬಿತ್ತು. ಆಗಲೇ ಮರಗಳ ಮೇಲಿಂದ ದೊಡ್ಡ ಹಕ್ಕಿಯೊಂದು ತೇಲಿ ಬಂತು. ದುರ್ಬೀನಿನಲ್ಲಿ ನೋಡಿದರು: ಕಂದು ಮೈ, ಸೀಳಿದ ಬಾಲ. ಬದುಕಿನಲ್ಲಿ ಮೊದಲ ಸಲ ಬದರೀನಾರಾಯಣರು ಕಣ್ಣಾರೆ ಕಂಡ ತಪ್ಪೊಂದನ್ನು ಹಾಗೆಯೇ ಅಚ್ಚಿಗೆ ಕಳಿಸಲು ನಿರ್ಧರಿಸಿದರು.

"ಅಮ್ಮ, ಅಗೋ ಗರುಡ! ಕೈಮುಗಿ, ಬೇಗ."

ಸರಸ್ವತಮ್ಮ ಕೈಮುಗಿಯಲಿಲ್ಲ. ಕೈ ಚಾಚಿದರು. "ಎಲ್ಲಿ, ಅದನ್ನ ಕೊಡು ಇಲ್ಲಿ."

ದುರ್ಬೀನನ್ನು ಕನ್ನಡಕದ ಮೇಲೆಯೇ ಇಟ್ಟುಕೊಂಡು, ತಿರುಗಣೆ ತಿರುಗಿಸಿ, ಬಹಳ ಹೊತ್ತು ನೋಡಿದರು.

"ಬಾಲ ಕತ್ತರಿಸಿದ ಹಾಗಿದೆ. ಎದೆ ಬಿಳಿ ಇಲ್ಲ. ಹದ್ದು ಕಣೋ ಇದು. ನೀನೇ ತಾನೆ ಹೇಳಿಕೊಟ್ಟಿದ್ದು? ಪ್ರೂಫ್ ನೋಡೋನು, ಇಷ್ಟು ದೊಡ್ಡ ತಪ್ಪು ಬಿಟ್ಟುಬಿಟ್ಯಲ್ಲೋ."

ಕೆಂಚಪ್ಪ ಮರದ ಕಡೆ ತಿರುಗಿ ನಕ್ಕ. ಬದರೀನಾರಾಯಣರು ನೆಲ ನೋಡಿದರು. ಆದರೆ ಸರಸ್ವತಮ್ಮ ದುರ್ಬೀನನ್ನು ವಾಪಸು ಕೊಡಲಿಲ್ಲ. ಅದನ್ನು ಮೆಲ್ಲಗೆ ದಡದ ಕಡೆ ಇಳಿಸಿದರು.

"ಅಯ್ಯೋ, ವಿದ್ಯಾ, ಆ ಬಕದ ಕಣ್ಣು ಹಳದಿ ಕಣೇ. ಅರಿಸಿನ ಹಚ್ಚಿದ ಹಾಗಿದೆ." ನೀರುಕಾಗೆ ರೆಕ್ಕೆ ಬಿಚ್ಚಿಕೊಂಡು ಕಲ್ಲಿನ ಮೇಲೆ ನಿಂತಿತ್ತು. "ಇದು ನೋಡು, ಒದ್ದೆ ಬಟ್ಟೆ ಒಣಗಿಸ್ಕೋತಾ ಇದೆ." ಅವರ ದನಿಯಲ್ಲಿ ಹಸಿವು ಮಾಯವಾಗಿತ್ತು. "ಕಣ್ಣಿನ ಆಪರೇಷನ್ ಆದ್ಮೇಲೂ ಆಕಾಶದಲ್ಲಿ ಏನು ಅಲ್ಲಾಡಿದ್ರೂ ಗರುಡ ಅಂದ್ಕೋತಿದ್ದೆ. ಹಕ್ಕಿಗಳು ಇಷ್ಟು ಚೆನ್ನಾಗಿರ್ತವೆ ಅಂತ ಯಾರೂ ಹೇಳ್ಲೇ ಇಲ್ಲ ನಂಗೆ."

ಬದರೀನಾರಾಯಣರು ಬೆಂಚಿನ ತುದಿಯಲ್ಲಿ ಕೂತರು. ಇಷ್ಟು ದಿನವೂ ತಾನು ಹಕ್ಕಿಗಳನ್ನು ಎಣಿಸಿದ್ದೆನೇ ಹೊರತು ಒಂದರ ಕಣ್ಣನ್ನೂ ನೋಡಲಿಲ್ಲ ಎನಿಸಿತು. ಬಕದ ಎದುರು 'ಸಂಖ್ಯೆ ಏಳು' ಎಂದು ಮಾತ್ರ ಬರೆದಿದ್ದರು.

"ಬದರಿ" ಎಂದರು ಅಮ್ಮ, ಪಿಸುದನಿಯಲ್ಲಿ. "ಆ ಒಣಕೊಂಬೆ ಮೇಲೆ ನೋಡು."

ಕೆರೆಯ ಆಚೆ ದಡದಲ್ಲಿ, ಎಲೆಯುದುರಿದ ಕೊಂಬೆಯ ತುದಿಯಲ್ಲಿ ಅದು ಕೂತಿತ್ತು. ಇವರು ಬಂದಾಗಿನಿಂದ ಅಲ್ಲೇ ಕೂತಿತ್ತೋ ಏನೋ. ಎಲ್ಲರೂ ಆಕಾಶವನ್ನೇ ನೋಡುತ್ತಿದ್ದರು. ಮೈ ಒಳ್ಳೆ ಕುಂಕುಮದ ಬಣ್ಣ. ತಲೆ, ಎದೆ ಒಗೆದ ಮಲ್ಲು ಪಂಚೆಯಂತೆ ಬಿಳುಪು. ಅದು ಒಮ್ಮೆ ಕತ್ತು ತಿರುಗಿಸಿ, ರೆಕ್ಕೆ ಬಿಚ್ಚಿ, ನೀರಿನ ಮೇಲೆ ನಿಧಾನವಾಗಿ ಒಂದು ಸುತ್ತು ಬಂತು. ಬಾಲ ಗುಂಡಗಿತ್ತು.

ಸರಸ್ವತಮ್ಮ ಎದ್ದು ನಿಂತರು. ಕೆನ್ನೆ ಬಡಿದುಕೊಂಡು ಶ್ಲೋಕ ಹೇಳಿದರು. ಅರ್ಧಕ್ಕೆ ನಿಲ್ಲಿಸಿ ಮಗನ ಕಡೆ ನೋಡಿದರು.

"ಶ್ಲೋಕದಲ್ಲೇ ಇದೆಯಲ್ಲೋ. ಕುಂಕುಮದ ಬಣ್ಣದವನೇ, ಮಲ್ಲಿಗೆ ಹಾಗೆ ಬೆಳ್ಳಗಿರೋನೇ ಅಂತ. ಇಷ್ಟು ವರ್ಷ ಬಾಯಿ ಹೇಳ್ತಿತ್ತು, ಕಣ್ಣು ಕೇಳಿಸ್ಕೊಂಡಿರ್ಲಿಲ್ಲ."

ಆಮೇಲೆ ಬೆಂಚಿನ ಮೇಲೆ ಮೊಸರನ್ನದ ಡಬ್ಬಿ ತೆರೆದುಕೊಂಡಿತು. ಕೆಂಚಪ್ಪನಿಗೂ ಒಂದು ಪಾಲು ಸಿಕ್ಕಿತು. ಅಮ್ಮ ಮಾತ್ರೆ ನುಂಗುವುದನ್ನು ನೋಡಿದ ಮೇಲೆಯೇ ಬದರೀನಾರಾಯಣರಿಗೆ ಸರಾಗವಾಗಿ ಉಸಿರಾಡಲು ಆದದ್ದು. ನೋಟ್‌ಬುಕ್ಕು ತೆಗೆದು, ಹನ್ನೆರಡನೆಯ ಸಾಲಿನ ಮಿಂಚುಳ್ಳಿಯನ್ನು ಹೊಡೆದುಹಾಕಿ, 'ಗರುಡ, ಕಂಡವರು: ಅಮ್ಮ' ಎಂದು ಬರೆದರು.

"ಮುಂದಿನ ಶನಿವಾರಾನೂ ಇಲ್ಲಿಗೇ ಬರೋಣ" ಎಂದರು ಸರಸ್ವತಮ್ಮ, ದುರ್ಬೀನಿನ ಪಟ್ಟಿಯನ್ನು ತಮ್ಮ ಕೊರಳಿಗೆ ಹಾಕಿಕೊಳ್ಳುತ್ತಾ. "ಶಕುಂತಲಮ್ಮನ ಮೊಮ್ಮಗಳನ್ನೂ ಕರ್ಕೊಂಡ್ ಬರೋಣ. ಇದು ನನ್ ಹತ್ರಾನೇ ಇರ್ಲಿ. ನೀನು ಬರ್ಕೊಳ್ಳೋ ಕೆಲಸ ಮಾಡು, ಅಕ್ಷರ ಚೆನ್ನಾಗಿದೆ."

ಶ್ರೀವಿದ್ಯಾ ಡಬ್ಬಿ ಮುಚ್ಚುತ್ತಾ ಸಮಾಧಾನ ಹೇಳಲು ಹೋದರು. "ಇಷ್ಟು ವರ್ಷದ ಹರಕೆ ಹದ್ದಿನ ಪಾಲಾಯ್ತೂಂತ ಬೇಜಾರು ಮಾಡ್ಕೋಬೇಡಿ ಅತ್ತೆ."

"ಬೇಜಾರೇನಿಲ್ಲಮ್ಮ. ಒಂದು ಅನುಮಾನ ಪರಿಹಾರ ಆಯ್ತು, ಅಷ್ಟೇ." ಸರಸ್ವತಮ್ಮ ಸೆರಗಿನಿಂದ ಬಾಯೊರೆಸಿಕೊಂಡರು. "ಹರಕೆ ಹೊತ್ಕೊಂಡಿದ್ದು ಇವನ ಗಣಿತಕ್ಕೆ. ಎರಡು ಸಲ ಡುಮ್ಕಿ ಹೊಡ್ದು, ಮೂರನೇ ಸಲಕ್ಕೆ ಸರಿಯಾಗಿ ಮೂವತ್ತೈದು ಬಂತಲ್ಲ, ಗರುಡನಂಥ ಗರುಡನೇ ಮನಸ್ಸು ಮಾಡಿದ್ರೂ ಯಾಕೆ ಇಷ್ಟೇ ಬಂತು ಅಂತ ಅವತ್ತಿಂದ ಯೋಚನೆ ಮಾಡ್ತಾನೇ ಇದ್ದೆ. ಈಗ ಗೊತ್ತಾಯ್ತು. ಪಾಪ, ಹದ್ದು ತನ್ನ ಕೈಲಾದಷ್ಟು ಮಾಡಿದೆ."

ಬದರೀನಾರಾಯಣರ ಕೈಯಲ್ಲಿ ಕೆಂಪು ಪೆನ್ನು ಹಾಗೆಯೇ ನಿಂತಿತು. ಕೆಂಚಪ್ಪ ಆಟೋ ನೋಡಿ ಬರುತ್ತೇನೆಂದು ಎದ್ದುಹೋದ.

ಶ್ರೀವಿದ್ಯಾ ಡಬ್ಬಿಯನ್ನು ಬದಿಗಿಟ್ಟರು. ಅತ್ತೆಯ ಕೊರಳಿನಿಂದ ದುರ್ಬೀನನ್ನು ಮೆಲ್ಲಗೆ ಬಿಡಿಸಿಕೊಂಡು, ಒಂದು ಮಾರು ದೂರದಲ್ಲಿದ್ದ ಗಂಡನ ಮುಖಕ್ಕೆ ಹಿಡಿದು, ತಿರುಗಣೆ ತಿರುಗಿಸಿ, ನಿಧಾನವಾಗಿ ನೋಡಿದರು.

"ಮೂವತ್ತೊಂದು ವರ್ಷದಿಂದ ಮನೇಲೇ ಇತ್ತು" ಎಂದರು. "ಇವತ್ತು ಗುರುತು ಸಿಕ್ತು. ಬರ್ಕೊಳ್ಳಿ, ಹದಿಮೂರು."