ಲೈನಿಂಗ್ ಹೊರಗಾದ ಕೋಟು ಮತ್ತು ಕರುಳಿನ ನಿವಾಸಿಗಳು

ಇಂದ:
ಅರ್ಜಿದಾರಳು, ಕೋಟು ಹೊಲಿಯುವವಳು,
ಕಿಟಕಿ ಪಕ್ಕದ ಮಿಷನ್ನು, ಟೈಲರಿಂಗ್ ಅಂಗಡಿ.

ಗೆ:
ಮಾನ್ಯ ಅಧ್ಯಕ್ಷರು,
ಸಮಸ್ತ ಬ್ಯಾಕ್ಟೀರಿಯಾ ನಿವಾಸಿಗಳ ಸಂಘ,
ದೊಡ್ಡ ಕರುಳು, ಅರ್ಜಿದಾರಳ ಹೊಟ್ಟೆ.

ವಿಷಯ: ನೆರೆಮನೆಯ ಬೆಂಕಿಗೆ ತುಪ್ಪ ಸುರಿಯದಿರುವ ಬಗ್ಗೆ.

ಉಲ್ಲೇಖ: ಡಾಕ್ಟರಮ್ಮ ಔಷಧಿ ಚೀಟಿಯ ಹಿಂಬದಿಯಲ್ಲಿ ಬರೆದ ಹೊಟ್ಟೆಯ ಚಿತ್ರ.

ಮಾನ್ಯರೇ,

ಈ ಮೂಲಕ ತಿಳಿಯಪಡಿಸುವುದೇನೆಂದರೆ, ಸದರಿ ಅರ್ಜಿದಾರಳು ಹುಡುಗಿಯಾಗಿದ್ದಾಗಿನಿಂದಲೂ ತಿಂಗಳಿಗೊಮ್ಮೆ ಹೊಟ್ಟೆ ಹಿಡಿದು ನೆಲಕ್ಕೆ ಕೂರುತ್ತಾ ಬಂದಿದ್ದು, ಅವಳ ಅಕ್ಕ ಪ್ರತಿಬಾರಿಯೂ "ಗ್ಯಾಸು ಕಣೇ, ಸೋಡಾ ಕುಡಿ, ಹೋಗುತ್ತೆ" ಎಂದು ಆದೇಶ ಹೊರಡಿಸಿರುತ್ತಾಳೆ. ಸೋಡಾ ಹೋಯಿತು, ನೋವು ಹೋಗಲಿಲ್ಲ. ಅಪವಾದ ಮಾತ್ರ ತಮ್ಮ ತಲೆಗೆ ಬಂತು.

೧. ಕಳೆದ ತಿಂಗಳು ನೋವಿನ ದಿನವೇ ಅವಳು ಬ್ಯಾಂಕ್ ಮ್ಯಾನೇಜರರ ಕೋಟಿಗೆ ಲೈನಿಂಗನ್ನು ಹೊರಗಡೆ ಹೊಲಿದಿಟ್ಟಳು. ಒಳಜೇಬು ಬಹಳ ಅಚ್ಚುಕಟ್ಟಾಗಿತ್ತು, ಬೀದಿಗೆಲ್ಲ ಕಾಣುತ್ತಿತ್ತು. ಅಂಗಡಿಯ ಮಾಸ್ಟರು ಕೋಟನ್ನು ಎತ್ತಿ ಹಿಡಿದು, "ಹೊಟ್ಟೆನೋವು ಯಾರಿಗಿಲ್ಲಮ್ಮ? ಇನ್ನೊಂದ್ಸಲ ಹೀಗಾದ್ರೆ ಮಿಷನ್ ಬಿಟ್ಟು ಗುಂಡಿ ಹಾಕೋಕೆ ಕೂತ್ಕೋ" ಎಂದರು.

೨. ಕಾರಣ, ಅವಳು ಡಾಕ್ಟರಮ್ಮನ ಬಳಿ ಹೋಗಲಾಗಿ, ತಮ್ಮ ನೆರೆಮನೆಯಾದ ಗರ್ಭಕೋಶದ ಒಳಪದರದಂಥದೇ ಪದರ ಅದರ ಹೊರಗೂ ಬೆಳೆದಿದೆ, ಹೆಸರು ಎಂಡೊಮೆಟ್ರಿಯೋಸಿಸ್ ಎಂದು ತಿಳಿದುಬಂತು.

"ಅಂದ್ರೆ ಲೈನಿಂಗ್ ಹೊರಗಡೆ ಬಂದಿದೆ, ಅಲ್ವಾ ಮೇಡಂ?"

"ಹೆಚ್ಚುಕಮ್ಮಿ ಹಾಗೇನೇ. ಇಷ್ಟು ವರ್ಷ ಹೇಗಮ್ಮ ತಡ್ಕೊಂಡ್ರಿ?"

ಅರ್ಜಿದಾರಳಿಗೆ ಅಲ್ಲೇ ಅಳು ಬಂತು. ಹಾಗೆ ಕೇಳಿದವರು ಅವರೇ ಮೊದಲು.

೩. ಕರುಳಿನ ಬ್ಯಾಕ್ಟೀರಿಯಾಗಳಿಗೂ ಈ ಕಾಯಿಲೆಗೂ ನಂಟಿರಬಹುದೆಂದು ಸಂಶೋಧನೆ ನಡೆದಿದೆಯಂತೆ. "ಜಗಳ ಯಾರು ಶುರುಮಾಡಿದ್ರೋ ಇನ್ನೂ ಗೊತ್ತಿಲ್ಲ" ಎಂದರು ಡಾಕ್ಟರಮ್ಮ. ಆದ್ದರಿಂದ ತಮ್ಮ ಮೇಲೆ ಆರೋಪವಿಲ್ಲ, ಸಣ್ಣ ಗುಮಾನಿ ಅಷ್ಟೆ.

ಆದಕಾರಣ, ಪುಕ್ಕಟೆ ಮನೆಯೆಂಬುದನ್ನು ನೆನೆದು, ತಾವು ಒಳಗೊಳಗೇ ಕಿತ್ತಾಡದೆ ತಣ್ಣಗಿರಬೇಕೆಂದು ಕೋರಿಕೆ. ಅದಾಗದಿದ್ದಲ್ಲಿ, ಅವಳ ನೋವು ನಿಜವೆಂದು ಒಂದು ದೃಢೀಕರಣ ಪತ್ರವನ್ನಾದರೂ ದಯಪಾಲಿಸಬೇಕು. ಡಾಕ್ಟರಮ್ಮನ ಚೀಟಿ ತೋರಿಸಿದರೆ ಅಕ್ಕ "ಅವರಿಗೇನು, ಬರೀತಾರೆ" ಎಂದಳು. ಮಾಸ್ಟರು ಓದಲೇ ಇಲ್ಲ. ಒಳಗಿದ್ದು ಎಲ್ಲ ಕಂಡವರು ತಾವೊಬ್ಬರೇ.

ತಮ್ಮ ವಿಶ್ವಾಸಿ ಹಾಗೂ ತಮ್ಮ ವಸತಿ,
ಅರ್ಜಿದಾರಳು

ಲಗತ್ತುಗಳು:
ಸದರಿ ಕೋಟಿನಿಂದ ಬಿಚ್ಚಿದ ಲೈನಿಂಗು.
ಬಿಸಿನೀರಿನ ಚೀಲ, ಸೋರುತ್ತದೆ.
ಒಂದು ಬಟ್ಟಲು ಮೊಸರು. ಲಂಚವೆಂದು ಭಾವಿಸಬಾರದು.

ವಿ.ಸೂ.: ದೃಢೀಕರಣ ಪತ್ರ ಮೂರು ಪ್ರತಿ ಬೇಕು. ಒಂದು ಮಾಸ್ಟರಿಗೆ, ಒಂದು ಅಕ್ಕನಿಗೆ. ಮೂರನೆಯದು ಅರ್ಜಿದಾರಳಿಗೇ; ಅಕ್ಕನ ಮಾತು ಕೇಳಿ ಕೇಳಿ, ಗ್ಯಾಸೇ ಇರಬೇಕೆಂದು ಅವಳಿಗೂ ಒಮ್ಮೊಮ್ಮೆ ಅನ್ನಿಸುತ್ತದೆ.