ಶಾಂತರಾಜು ಮೂಸಿದ ಮೂರು ಹೂವು

ಶಾಂತರಾಜುವಿನ ಮೀಸೆ ಪಣಕ್ಕೆ ಬಿದ್ದದ್ದು ಒಂದು ಹೂವಿನ ದೆಸೆಯಿಂದ.

ಯಳಂದೂರಿನಲ್ಲಿರೋ ಷಡ್ಡಕ ಕುಮಾರಸ್ವಾಮಿ ಹಬ್ಬದೂಟದಲ್ಲಿ ಎಲ್ಲರೆದುರೇ ಸವಾಲು ಹಾಕಿದ್ದ: "ಕೊಳ್ಳೇಗಾಲದ ನಿನ್ ಕಾಂಪೌಂಡಲ್ಲಿ ಕೋನ್‌ಫ್ಲವರ್ ಅನ್ನೋ ಫಾರಿನ್ ಊವ ಬುಟ್ರೆ ನನ್ ಮೀಸೆ ಬೋಳುಸ್ತೀನಿ. ಬುಡ್ನಿಲ್ಲಾಂದ್ರೆ ನಿಂದು. ಫೋಟೋ ಗೀಟೋ ನಡಿಯಕಿಲ್ಲ, ಕಣ್ಣಾರೆ ನೋಡ್ಬೇಕು."

ಅವತ್ತಿಂದ ಶಾಂತರಾಜು ಗಿಡಕ್ಕೆ ಬಾಣಂತನ ಶುರುಮಾಡಿದ. ಬೀಜಕ್ಕೆ ಚಳಿ ತಾಗಬೇಕಂತೆ ಅಂತ ಫ್ರಿಜ್ಜಿನಲ್ಲಿ ದೋಸೆಹಿಟ್ಟಿನ ಪಕ್ಕ ಮಲಗಿಸಿದ. ಹೆಂಡತಿ ಪ್ರೇಮಾ ಫ್ರಿಜ್ಜಿನ ಬಾಗಿಲು ಬಡಿದಾಗೆಲ್ಲ ಇವನ ಎದೆ ಬಡಿದುಕೊಳ್ಳುತ್ತಿತ್ತು. ನೀರು ಹೆಚ್ಚಾದರೆ ಬೇರು ಕೊಳೆಯುತ್ತೆ ಅಂತ, ಮಳೆ ಬಂದಾಗ ಗಿಡಕ್ಕೆ ಕೊಡೆ ಹಿಡಿದು ತಾನು ನೆಂದ. ವರ್ಷ ಕಳೆದ ಮೇಲೆ ಮೂರು ಹೂ ಅರಳಿದವು, ಗುಲಾಬಿ ಲಂಗ ಉಟ್ಟ ಮುಳ್ಳುಹಂದಿ ಮರಿಗಳ ಹಾಗೆ. ಬೆಳಗಾಗುತ್ತಲೇ ಯಳಂದೂರಿಗೆ ಫೋನ್ ಹೋಯಿತು: "ಭಾವ, ಇವತ್ತೇ ಬನ್ನಿ. ಬ್ಲೇಡ್ ತಕಂಡೇ ಬನ್ನಿ!"

ಫೋನಿಟ್ಟು ತಿರುಗಿದರೆ ಪಕ್ಕದ ಮನೆ ಪುಟ್ಟಮಲ್ಲಮ್ಮ ಹೂಬುಟ್ಟಿ ಸಮೇತ ಕಾಂಪೌಂಡಿನೊಳಗೇ ನಿಂತಿದ್ದಾರೆ. ಆ ಬೀದಿಯಲ್ಲಿ ಗಿಡವೇನೋ ನೆಟ್ಟವನದು, ಗೊಬ್ಬರವೂ ಹಾಕಿದವನದೇ. ಹೂವು ಮಾತ್ರ ಮೊದಲು ಎದ್ದವರ ಮನೆ ದೇವರದು.

"ಅವ್ವಾ, ಕೀಳ್ಬ್ಯಾಡಿ! ಇದು ಫಾರಿನ್ ಊವ!"

"ಆದ್ರೇನ್ ಮಗಾ? ಮಾದಪ್ಪ ಪಾಸ್‌ಪೋರ್ಟ್ ಕೇಳಾನಾ?"

ಬುಟ್ಟಿ ಹೂವಿನ ಹತ್ತಿರ ಬಂತು. ಶಾಂತರಾಜುಗೆ ತಟ್ಟನೆ ಉಪಾಯ ಹೊಳೆಯಿತು. ಬಗ್ಗಿ ಒಂದು ಹೂವನ್ನು ಸೊರ್ರನೆ ಮೂಸಿದ. ಎರಡನೆಯದನ್ನೂ ಮೂಸಿದ.

"ಅಯ್ಯೋ ಶಿವನೇ! ಮೂಸಿದ್ ಊವ ದೇವ್ರಿಗೆ ಆಯ್ತದಾ? ಎಂಥ ಪಾಪಿ ಕಣ್ಲಾ ನೀನು!"

ಗೆದ್ದ ಹುಮ್ಮಸ್ಸಲ್ಲಿ ಮೂರನೆಯದಕ್ಕೂ ಮೂಗು ತೂರಿಸಿದ. ಅಲ್ಲಿ ಮೊದಲೇ ಒಂದು ಜೇನುನೊಣ ಊಟಕ್ಕೆ ಕೂತಿತ್ತು.

ಆಫೀಸಿಗೆ ಕಾಲಿಡುವಷ್ಟರಲ್ಲಿ ಮೂಗು ಗುಂಡು ಬದನೆಕಾಯಾಗಿತ್ತು. ಅಟೆಂಡರ್ ಚಿಕ್ಕಸಿದ್ದಯ್ಯ ಎದ್ದು ನಿಂತು ಕೇಳಿದ: "ಮೂಗು ಆಗ್ಲೇ ಬಂತು ಸಾ, ನೀವ್ ಯಾವಾಗ ಬತ್ತೀರಿ?" ಒಬ್ಬರು ಮೂಗಿನ ತುದಿಗೆ ಸುಣ್ಣ ಹಚ್ಚಿದರು, ಇನ್ನೊಬ್ಬರು ಅದರ ಮೇಲ್ಗಡೆ ಅರಿಶಿನ ಮೆತ್ತಿದರು. ಮಧ್ಯಾಹ್ನಕ್ಕೆ ಶಾಂತರಾಜುವಿನ ಮೂಗು ಬೆಟ್ಟದ ದಾರಿಯ ಹಳದಿ-ಬಿಳಿ ಮೈಲಿಗಲ್ಲಿನ ಹಾಗೆ ಕಾಣತೊಡಗಿ, ಸಾಹೇಬರೇ ರಜೆ ಕೊಟ್ಟು ಕಳಿಸಿದರು.

ಮನೆಯಲ್ಲಿ ಪ್ರೇಮಾ ಬಿಸಿ ಲೋಟ ಕೈಗಿಟ್ಟಳು. "ಕುಡೀರಿ, ಊತ ಇಳೀತದಂತೆ. ಪಕ್ಕದ್ಮನೆ ಅವ್ವ ಕಾಸಿ ಕೊಟ್ಟೋದ್ರು."

ಮೂಗು ಕಟ್ಟಿದ್ದರಿಂದ ವಾಸನೆ ತಿಳಿಯಲಿಲ್ಲ. ಗಟಗಟ ಕುಡಿದು, ತಳದ ಗಸಿಯನ್ನೂ ಬೆರಳಲ್ಲಿ ಬಳಿದು ನೆಕ್ಕಿದ.

ಹೊರಗೆ ಬೈಕ್ ನಿಂತಿತು. ಕುಮಾರಸ್ವಾಮಿ! ಶಾಂತರಾಜು ಅವನ ಕೈ ಹಿಡಿದು ದರದರ ಎಳೆದುಕೊಂಡು ಹೋದ. "ನೋಡಿ ಭಾವಾ..."

ಮೂರು ಬೋಳು ಕಡ್ಡಿ.

ಕಾಂಪೌಂಡಿನ ಆಚೆಯಿಂದ ಪುಟ್ಟಮಲ್ಲಮ್ಮ ಇಣುಕಿದರು. "ಕುಡ್ದಾ ಮಗಾ? ಆ ಊವ ಔಸ್ದಿ ಅಂತ ನಮ್ ಮೊಮ್ಮಗ್ಳು ಶ್ರುತಿ ಮೊಬೈಲಲ್ಲಿ ನೋಡಿದ್ಲು. ಎಂಗೂ ನೀನು ಮೂಸ್ಬುಟ್ಟಿದ್ದೆ. ದೇವ್ರಿಗಂತೂ ಆಗಕಿಲ್ಲ, ನಿಂಗಾದ್ರೂ ಆಗ್ಲಿ ಅಂತ ಮೂರ್ನೂ ಕಿತ್ತು ಕುದುಸ್ಬುಟ್ಟೆ."

"ಕೇಳಿದ್ರಾ ಭಾವಾ? ಇತ್ತು! ನಾನೇ ಕುಡ್ಕಬುಟ್ಟೆ!"

"ಊವ ಮುಡ್ಯೋರ ಕಂಡಿದ್ದೆ," ಅಂದ ಕುಮಾರಸ್ವಾಮಿ, ಜೇಬಿನಿಂದ ಬ್ಲೇಡ್ ತೆಗೆಯುತ್ತಾ. "ಕುಡ್ಯೋನ ಇವತ್ತೇ ಕಂಡದ್ದು. ನನ್ ಕಣ್ಗೆ ಕಾಣ್ನಿಲ್ಲ. ಕೂತ್ಕೊ."

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅಂತಾರಲ್ಲ, ಶಾಂತರಾಜುವಿನದೂ ಆಗಲಿಲ್ಲ. ಆಗೋದಕ್ಕೆ ಮೀಸೆ ಇರಬೇಕಲ್ಲ!

ಆದರೆ ಬೆಳಗಾಗುವಷ್ಟರಲ್ಲಿ ಮೂಗು ಮಾತ್ರ ಇಳಿದಿತ್ತು. ಗಿಡದಲ್ಲಿ ಇನ್ನೊಂದು ಮೊಗ್ಗು ಬಿರಿಯುತ್ತಿತ್ತು. ಷಡ್ಡಕನಿಗೆ ಫೋನ್ ಮಾಡೋಣ ಅಂತ ಹಿಗ್ಗಿ ತಲೆಯೆತ್ತಿದರೆ, ಗೇಟಿನಲ್ಲಿ ಲೋಟ ಹಿಡಿದು ಅರ್ಧ ಬೀದಿಯೇ ನಿಂತಿದೆ. ಎಲ್ಲರಿಗಿಂತ ಮುಂದೆ ಪುಟ್ಟಮಲ್ಲಮ್ಮ.

"ಬಿರ್ನೆ ಮೂಸ್ಬುಡು ಮಗಾ! ನೀ ಮೂಸುದ್ರೇನೆ ಔಸ್ದಿ ನಾಟ್ತದೆ ಅಂತ ಎಲ್ರಿಗೂ ಏಳ್ಬುಟ್ಟಿವ್ನಿ."