ಅತ್ತೆಯ ಮುಖಕ್ಕೆ ತಕ್ಕ ಸೆಟ್ಟಿಂಗ್

"ಇವತ್ತು ಅಮ್ಮನ ಹುಟ್ಟುಹಬ್ಬ. ಸಂಜೆ ಅವಳು ಬರೋ ಹೊತ್ತಿಗೆ ಅವಳ ಫೋಟೊ ಮರದ ಹಲಗೆ ಮೇಲೆ ನೆಟ್ಟಗೆ ಬಂದಿರಬೇಕು. ಇಲ್ಲಾಂದ್ರೆ ಈ ಮಿಷನ್ ಮಾರಿ ಕೋಣೆ ಖಾಲಿ ಮಾಡಿ," ಎಂದು ಹೇಳಿ ಹೆಂಡತಿ ಕೆಲಸಕ್ಕೆ ಹೊರಟುಹೋದಳು.

ವಿಮಾ ಕಚೇರಿಯಲ್ಲಿ ಗುಮಾಸ್ತನಾಗಿದ್ದ ಗಂಡ ಇದಕ್ಕೆಂದೇ ರಜೆ ಹಾಕಿದ್ದ. ಮರವನ್ನು ಸುಟ್ಟು ಚಿತ್ರ ಕೆತ್ತುವ ಲೇಸರ್ ಯಂತ್ರ ಮನೆಗೆ ಬಂದಂದಿನಿಂದ ಕೆತ್ತಿದ್ದು ಅವನ ಹೆಸರನ್ನು ಮಾತ್ರ, ಅದೂ ಅಕ್ಷರ ತಪ್ಪಾಗಿ. ಮನೆಯವರ ಗುಂಪು ಫೋಟೊವೊಂದರಿಂದ ಕನ್ನಡಕದ ಮುಖವನ್ನಷ್ಟೇ ಕತ್ತರಿಸಿ, ಕಪ್ಪುಬಿಳುಪು ಮಾಡಿ, ಹಲಗೆಯಿಟ್ಟು ಗುಂಡಿ ಒತ್ತಿದ.

ಲೇಸರಿನ ಶಕ್ತಿ ಹೆಚ್ಚಾಯಿತು. ಹೊಗೆ ಸರಿದಾಗ ಇದ್ದಿಲ ಮೂಟೆಯೊಳಗಿಂದ ಇಣುಕಿದಂಥ ಮುಖ ಕಂಡಿತು. ಮೂಗಿನ ಕೆಳಗಿನ ನೆರಳು ಸೊಂಪಾದ ಮೀಸೆಯಾಗಿತ್ತು.

ವಾಸನೆಗೆ ಕೆಳಮನೆಯ ಬಡಗಿ ಮೇಲೆ ಬಂದ. "ಏನ್ ಸ್ವಾಮಿ, ಅಡುಗೆ ಸೀದೋಯ್ತಾ?" ಎನ್ನುತ್ತ ಹಲಗೆ ನೋಡಿದ. "ಯಾರಿದು, ನಿಮ್ಮ ಮಾವನವರಾ?"

"ಅತ್ತೆ."

"ಹಾಗಾದ್ರೆ ಶಕ್ತಿ ಇಳಿಸಿ. ತಿಳಿ ಬಣ್ಣದ ಹಲಗೆ ನಾನು ಕೊಡ್ತೀನಿ."

ಗುಮಾಸ್ತ ಹೆದರಿ ಶಕ್ತಿಯನ್ನೂ ಇಳಿಸಿದ, ವೇಗವನ್ನೂ ಏರಿಸಿದ. ಈ ಸಲ ಹಲಗೆಯ ಮೇಲೆ ಮೂಡಿದ್ದು ಕನ್ನಡಕವೊಂದೇ.

"ಅತ್ತೆ ಎಲ್ಲಿ?" ಎಂದ ಬಡಗಿ.

"ಕನ್ನಡಕ ಬಂದಾಯ್ತಲ್ಲ, ಅವರು ಹಿಂದೆ ಬರ್ತಿರಬೇಕು," ಎಂದಳು ಅಷ್ಟರಲ್ಲಿ ಬಾಗಿಲಲ್ಲಿ ಬಂದು ನಿಂತಿದ್ದ ಎದುರುಮನೆಯ ಟೈಲರಮ್ಮ. "ಹೊಲಿಗೆ ತೀರಾ ಒತ್ತಾದ್ರೆ ಬಟ್ಟೆ ಸುಕ್ಕಾಗುತ್ತೆ. ಗೆರೆಗಳ ಮಧ್ಯೆ ಜಾಗ ಬಿಡಿ."

ಜಾಗ ಬಿಟ್ಟ. ಅತ್ತೆ ಜೈಲಿನ ಸರಳುಗಳ ಹಿಂದೆ ನಿಂತಂತೆ ಕಂಡರು. ಮತ್ತೊಂದು ಹಲಗೆಯಲ್ಲಿ ಮುಖ ಒಂದಷ್ಟು ಚೆನ್ನಾಗಿಯೇ ಬಂದಿತ್ತು. ಟೈಲರಮ್ಮ ಮಸಿ ತೆಗೆಯುತ್ತೇನೆಂದು ಒದ್ದೆ ಬಟ್ಟೆಯಲ್ಲಿ ಉಜ್ಜಿ ಅದನ್ನು ಮೋಡ ಮಾಡಿಬಿಟ್ಟಳು. ಗುಮಾಸ್ತ ಇಬ್ಬರನ್ನೂ ಕೈಮುಗಿದು ಹೊರಗೆ ಕಳಿಸಿ ಚಿಲಕ ಹಾಕಿಕೊಂಡ.

ಚೂರು ಹಲಗೆಯೊಂದರ ಮೇಲೆ ಸಣ್ಣ ಸಣ್ಣ ಚೌಕಗಳನ್ನು ಸುಟ್ಟ. ಒಂದೊಂದಕ್ಕೂ ಒಂದೊಂದು ಶಕ್ತಿ, ಒಂದೊಂದು ವೇಗ. ತಿಳಿಕಂದಿನಿಂದ ಕಡುಗಪ್ಪಿನವರೆಗೆ ಬಣ್ಣಗಳು ಸಾಲಾಗಿ ನಿಂತವು. ಊಟವನ್ನೂ ಮರೆತು, ಯಾವ ಚೌಕ ಕೆನ್ನೆಗೆ, ಯಾವುದು ಕೂದಲಿಗೆ ಎಂದು ಲೆಕ್ಕ ಹಾಕಿದ. ಕೊನೆಗೆ ಉಳಿದಿದ್ದ ಒಂದೇ ಒಳ್ಳೆಯ ಹಲಗೆಯನ್ನಿಟ್ಟು, ಉಸಿರು ಬಿಗಿಹಿಡಿದು ಗುಂಡಿ ಒತ್ತಿದ.

ಒಂದೊಂದು ಸುಕ್ಕೂ, ಒಂದೊಂದು ನರೆಗೂದಲೂ ಮೂಡಿತು. ಬಾಗಿಲು ತೆರೆದ ಕೂಡಲೇ ಒಳಬಂದ ಬಡಗಿ, "ಇನ್ನು ಬಾಯಿಬಿಟ್ಟು ಬಯ್ಯೋದೊಂದು ಬಾಕಿ," ಎಂದ. ಟೈಲರಮ್ಮ ಮೊಬೈಲಿನಲ್ಲಿ ಹಲಗೆಯ ಫೋಟೊ ತೆಗೆದು ತನ್ನ ಗಿರಾಕಿಗಳಿಗೆಲ್ಲ ಕಳಿಸಿದಳು.

ಸಂಜೆ ಹೆಂಡತಿ ತಾಯಿಯನ್ನು ಕರೆದುಕೊಂಡು ಬಂದಳು. ಗುಮಾಸ್ತ ಹಲಗೆಯನ್ನು ಅತ್ತೆಯ ಕೈಗಿಟ್ಟ. ಅವರು ಕನ್ನಡಕ ಸರಿಪಡಿಸಿಕೊಂಡು ನೋಡಿದರು.

"ತುಂಬಾ ಚೆನ್ನಾಗಿದೆ ಅಳಿಯಂದ್ರೇ. ಆದ್ರೆ ಇದು ನಾನಲ್ಲ, ನಮ್ಮಕ್ಕ."

ಹೆಂಡತಿ ಇಣುಕಿ ನೋಡಿ ಹಾಗೇ ಕುರ್ಚಿಯಲ್ಲಿ ಕುಸಿದಳು. ಯಾವುದೋ ಮದುವೆಯಲ್ಲಿ ಮುಂದಿನ ಸಾಲಿನ ಕುರ್ಚಿಗಾಗಿ ಜಗಳವಾಡಿ, ಅಂದಿನಿಂದ ಅಕ್ಕತಂಗಿಯರ ಮಧ್ಯೆ ಮಾತು ನಿಂತಿತ್ತು. ಬೆಳಿಗ್ಗೆಯಿಂದ ಗುಮಾಸ್ತ ನೆರಳು ನೋಡಿದ್ದ, ಚುಕ್ಕೆ ನೋಡಿದ್ದ. ಮುಖ ಯಾರದೆಂದು ನೋಡಿರಲಿಲ್ಲ.

ಅತ್ತೆಯ ಫೋನು ಬಡಿದುಕೊಂಡಿತು. ಅಕ್ಕನದೇ. ಅವರ ಸೊಸೆ ಟೈಲರಮ್ಮನ ಗಿರಾಕಿ; ಹಲಗೆಯ ಫೋಟೊ ಅವಳಿಗೂ ಹೋಗಿತ್ತು.

"ನಿನ್ನ ಹುಟ್ಟುಹಬ್ಬಕ್ಕೆ ನನ್ನ ಮುಖ ಕೆತ್ತಿಸಿದ್ದೀಯೇನೇ?" ಆ ಕಡೆಯ ಬಿಕ್ಕಳಿಕೆ ಕೋಣೆಗೆಲ್ಲ ಕೇಳಿಸಿತು.

ಅತ್ತೆ ಅಳಿಯನತ್ತ ಒಮ್ಮೆ ನೋಡಿ ಗಂಟಲು ಸರಿಮಾಡಿಕೊಂಡರು. "ಹೂಂ ಅಕ್ಕ, ನಾನೇ ಹೇಳಿ ಮಾಡಿಸ್ದೆ. ನಾಳೇನೇ ಬಂದ್ಬಿಡು. ಇಬ್ಬರೂ ಇಲ್ಲೇ ಒಂದಷ್ಟು ದಿನ ಇರೋಣ."

ಹೆಂಡತಿ ಕಣ್ಣೊರೆಸಿಕೊಂಡು ಗಂಡನ ಕೈ ಹಿಡಿದಳು. "ಯಾರ ಕೈಲೂ ಆಗದ ಕೆಲಸ ಮಾಡಿದ್ರಿ ಕಣ್ರೀ."

ಗುಮಾಸ್ತನ ಎದೆ ಉಬ್ಬಿತು. "ಹಾಗಾದ್ರೆ ಮಿಷನ್ನು..."

"ಬೆಳಿಗ್ಗೆ ಎದ್ದ ತಕ್ಷಣ ಬಡಗಿಗೆ ಕೊಟ್ಬಿಡಿ. ದೊಡ್ಡಮ್ಮಂಗೆ ಮಲಗೋಕೆ ಆ ಕೋಣೆ ಬೇಕು."